ರೇಡಿಯೇಷನ್ ವೇಳೆ ಬಾಯಿಯ ಆರೈಕೆ: ಮೊದಲ ಸಿಟ್ಟಿಂಗ್‌ಗೆ ಮುಂಚಿನಿಂದ ಮುಗಿದ ನಂತರದವರೆಗೆ

"ಬಾಯಿ ತುಂಬ ಹುಣ್ಣಾಗಿದೆ, ನೀರು ಕೂಡ ಇಳಿಯುತ್ತಿಲ್ಲ, ಏನು ಮಾಡಲಿ?" ಓದುಗರಿಂದ ನನಗೆ ಈ ಪ್ರಶ್ನೆ ಬರುವುದು ಹೆಚ್ಚಾಗಿ ರೇಡಿಯೇಷನ್ ಶುರುವಾದ ನಾಲ್ಕನೇ ವಾರದಲ್ಲಿ. ಆಗಲೂ ಮಾಡಲು ಕೆಲಸವಿದೆ, ಆದರೆ ದಾರಿ ಕಡಿಮೆ. ಮೊದಲ ಸಿಟ್ಟಿಂಗ್‌ಗೆ (ಒಂದು ಸಲದ ರೇಡಿಯೇಷನ್‌ಗೆ) ಮೂರು ವಾರ ಮುಂಚೆ ಕೇಳಿದ್ದರೆ ಅರ್ಧ ಕಷ್ಟವನ್ನಾದರೂ ಹಗುರ ಮಾಡಬಹುದಿತ್ತು ಎಂದು ಪ್ರತಿ ಸಲ ಅನ್ನಿಸುತ್ತದೆ. ನಮ್ಮಪ್ಪನ ವಿಷಯದಲ್ಲಿ ನಾನೂ ಹೀಗೇ ತಡ ಮಾಡಿದೆ. ಬಾಯಿ ಚೆನ್ನಾಗಿರುವಾಗ ಆರೈಕೆ ಶುರು ಮಾಡಬೇಕು ಎಂದು ಹೊಳೆಯುವುದೇ ಇಲ್ಲ, ಅಲ್ವಾ?

ಈ ಬರಹ ಕ್ಯಾನ್ಸರ್‌ಗಾಗಿ ಬಾಯಿ, ನಾಲಿಗೆ, ಗಂಟಲು, ಕುತ್ತಿಗೆ ಅಥವಾ ಮೂಗಿನ ಹಿಂಭಾಗಕ್ಕೆ ರೇಡಿಯೇಷನ್ ಪಡೆಯುವವರಿಗೆ. ಅವರನ್ನು ನೋಡಿಕೊಳ್ಳುವವರಿಗೂ. ಸಾಮಾನ್ಯವಾಗಿ ಇದು ವಾರಕ್ಕೆ 5 ದಿನದಂತೆ 6ರಿಂದ 7 ವಾರ ನಡೆಯುತ್ತದೆ. ಒಟ್ಟು ಡೋಸ್ ಹೆಚ್ಚಿನವರಲ್ಲಿ 60ರಿಂದ 70 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ). ಹೊಟ್ಟೆಗೋ ಸ್ತನಕ್ಕೋ ಕೊಡುವ ರೇಡಿಯೇಷನ್‌ನಿಂದ ಬಾಯಿಗೆ ಈ ತೊಂದರೆ ಬರುವುದಿಲ್ಲ. ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ಇಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಕೇಳಿ. ಅವರು ನಿಮ್ಮ ಬಾಯಿಯನ್ನು ನೋಡಿದ್ದಾರೆ, ನಾನು ನೋಡಿಲ್ಲ.

## ಮೊದಲೇ ತಂದಿಟ್ಟುಕೊಳ್ಳಬೇಕಾದದ್ದು

ಅತಿ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಎರಡು. ಖಾರವಿಲ್ಲದ, ನೊರೆ ಕಡಿಮೆ ಬರುವ ಫ್ಲೋರೈಡ್ ಪೇಸ್ಟ್. ಅಡುಗೆ ಸೋಡಾ, ಉಪ್ಪು, ಮುಚ್ಚಳವಿರುವ ಒಂದು ಲೀಟರ್ ಬಾಟಲ್. ಸಣ್ಣ ಟಾರ್ಚ್, ಕೈಗನ್ನಡಿ, ಮಿಲಿಮೀಟರ್ ಗುರುತಿರುವ ಸ್ಕೇಲ್. ಥರ್ಮಾಮೀಟರ್, ತೂಕದ ಯಂತ್ರ, ಒಂದು ನೋಟ್‌ಬುಕ್. ತುಟಿಗೆ ಹಚ್ಚಲು ಏನು ಬಳಸಬಹುದು ಎಂದು ರೇಡಿಯೇಷನ್ ವಿಭಾಗದಲ್ಲೇ ಕೇಳಿ ತನ್ನಿ. ಸಿಟ್ಟಿಂಗ್‌ಗೆ ಹೋಗುವ ಮುಂಚೆ ತುಟಿಯನ್ನು ಒರೆಸಿಕೊಳ್ಳಬೇಕೇ ಎಂಬುದನ್ನೂ ಅಲ್ಲೇ ಕೇಳಿ.

## ಹಂತ 1: ಮೊದಲ ಸಿಟ್ಟಿಂಗ್‌ಗೂ ಮುಂಚೆ ಹಲ್ಲಿನ ಡಾಕ್ಟರ್

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. "ಮೊದಲು ಕ್ಯಾನ್ಸರ್ ವಾಸಿಯಾಗಲಿ, ಹಲ್ಲು ಆಮೇಲೆ ನೋಡೋಣ" ಎನ್ನುತ್ತಾರೆ. ಮಾತು ಸರಿ ಅನ್ನಿಸುತ್ತದೆ, ಆದರೆ ನಡೆಯುವುದು ಉಲ್ಟಾ. ರೇಡಿಯೇಷನ್ ಬಿದ್ದ ದವಡೆ ಮೂಳೆಯಲ್ಲಿ ರಕ್ತದ ಓಡಾಟ ಕಡಿಮೆಯಾಗುತ್ತದೆ. ಆಮೇಲೆ ಆ ಜಾಗದಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ, ಮೂಳೆಯೇ ಸಾಯುವ ಅಪಾಯವಿದೆ. ಕೆಳದವಡೆಗೆ ಈ ಭಯ ಜಾಸ್ತಿ. ಈ ಅಪಾಯ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ಜೀವನಪೂರ್ತಿ ಇರುತ್ತದೆ.

ಆದ್ದರಿಂದ ರೇಡಿಯೇಷನ್ ಎಂದು ಗೊತ್ತಾದ ವಾರವೇ ಹಲ್ಲಿನ ಡಾಕ್ಟರ್ ಬಳಿ ಹೋಗಿ. ಎಲ್ಲ ಹಲ್ಲು ಒಟ್ಟಿಗೆ ಕಾಣುವ ಎಕ್ಸ್‌ರೇ ತೆಗೆಸುತ್ತಾರೆ. ಉಳಿಸಲಾಗದ ಹುಳುಕು ಹಲ್ಲು, ಅಲುಗಾಡುವ ಹಲ್ಲು, ಕೀವು ತುಂಬಿದ ಬೇರು ಇದ್ದರೆ ಈಗಲೇ ಕೀಳಿಸಬೇಕು. ಕಿತ್ತ ಗಾಯ ಮಾಯಲು ಕಡಿಮೆ ಎಂದರೆ 2 ವಾರ ಬೇಕು, 3 ವಾರ ಸಿಕ್ಕರೆ ಒಳ್ಳೆಯದು. ಅದಕ್ಕಾಗಿ ರೇಡಿಯೇಷನ್ ದಿನಾಂಕವನ್ನು ನೀವಾಗಿಯೇ ಮುಂದೂಡಬೇಡಿ. ಹಲ್ಲಿನ ಡಾಕ್ಟರ್ ಮತ್ತು ರೇಡಿಯೇಷನ್ ಡಾಕ್ಟರ್ ಇಬ್ಬರೂ ಮಾತಾಡಿ ತೀರ್ಮಾನಿಸಲಿ. "ಯಾವ ಹಲ್ಲುಗಳ ಮೇಲೆ ಜಾಸ್ತಿ ಡೋಸ್ ಬೀಳುತ್ತದೆ?" ಎಂದು ರೇಡಿಯೇಷನ್ ಡಾಕ್ಟರನ್ನು ಕೇಳಿ ಬರೆಸಿಕೊಂಡು ಹೋದರೆ ಹಲ್ಲಿನ ಡಾಕ್ಟರ್ ಕೆಲಸ ಸುಲಭ.

ಅದೇ ಭೇಟಿಯಲ್ಲಿ ಇನ್ನೂ ಮೂರು ಕೆಲಸ ಮುಗಿಸಿ. ನಾಲಿಗೆಗೆ, ಕೆನ್ನೆಗೆ ಚುಚ್ಚುವ ಹಲ್ಲಿನ ಚೂಪು ಅಂಚುಗಳನ್ನು ಉಜ್ಜಿಸಿ ನುಣುಪು ಮಾಡಿಸಿ. ಫ್ಲೋರೈಡ್ ಜೆಲ್ ಹಾಕಿಕೊಳ್ಳಲು ನಿಮ್ಮ ಹಲ್ಲಿನ ಅಳತೆಗೇ ತಟ್ಟೆ (ಹಲ್ಲಿಗೆ ತೊಡಿಸುವ ಟ್ರೇ) ಮಾಡಿಸಿ. ಅಳತೆ ತೆಗೆಯುವಾಗ ಬಾಯಿ ಅಗಲವಾಗಿ ತೆರೆಯಬೇಕು, ಹುಣ್ಣು ಬಂದ ಮೇಲೆ ಅದು ನರಕ. ಲೋಹದ ಕ್ಯಾಪ್ ಅಥವಾ ಲೋಹ ತುಂಬಿಸಿದ ಹಲ್ಲು ಇದ್ದರೆ ಹೇಳಿ. ಲೋಹಕ್ಕೆ ತಾಗಿದ ಕಿರಣ ಹಿಂದಕ್ಕೆ ಚದುರಿ, ಪಕ್ಕದ ಕೆನ್ನೆ ಅಥವಾ ನಾಲಿಗೆ ಅಂಚಿನಲ್ಲಿ ಹುಣ್ಣು ಜಾಸ್ತಿ ಮಾಡಬಹುದು. ಮಧ್ಯೆ ತೆಳುವಾದ ತಡೆ ಇಡಲು ಬರುತ್ತದೆಯೇ ಎಂದು ವಿಚಾರಿಸಿ.

ಹೊಗೆಸೊಪ್ಪು, ಸಿಗರೇಟು, ಮದ್ಯ ಇಂದೇ ನಿಲ್ಲಲಿ. ಇದು ಉಪದೇಶಕ್ಕೆ ಹೇಳುತ್ತಿರುವ ಮಾತಲ್ಲ. ಇವು ಹುಣ್ಣನ್ನು ಕೆರಳಿಸುತ್ತವೆ, ಸಿಗರೇಟು ರೇಡಿಯೇಷನ್‌ನ ಫಲವನ್ನೂ ತಗ್ಗಿಸುತ್ತದೆ.

## ಹಂತ 2: ಚೆನ್ನಾಗಿರುವ ಬಾಯಿಯ ಲೆಕ್ಕ ಬರೆದಿಡಿ

ಹತ್ತು ನಿಮಿಷದ ಕೆಲಸ. ಬಾಯಿ ಪೂರ್ತಿ ತೆರೆದು, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ತುದಿಯ ನಡುವೆ ಎಷ್ಟು ಮಿಲಿಮೀಟರ್ ಎಂದು ಅಳೆಯಿರಿ. ತೂಕ ನೋಡಿ. ಟಾರ್ಚ್ ಹಿಡಿದು ಬಾಯೊಳಗಿನ ನಾಲ್ಕೈದು ಫೋಟೋ ತೆಗೆಯಿರಿ. ಎಲ್ಲಕ್ಕೂ ದಿನಾಂಕ ಹಾಕಿ. ಮುಂದೆ "ಇದು ಮೊದಲೇ ಹೀಗಿತ್ತಾ?" ಎಂಬ ಅನುಮಾನ ಬಂದಾಗ ಉತ್ತರ ಕೊಡುವುದು ಈ ಪುಟವೇ.

## ಹಂತ 3: ಮೊದಲ ದಿನದಿಂದಲೇ ಗಡಿಯಾರ ನೋಡಿ ಮುಕ್ಕಳಿಸುವುದು

ಮೊದಲ ವಾರ ಬಾಯಿಗೆ ಏನೂ ಆದಂತೆ ಅನ್ನಿಸುವುದಿಲ್ಲ. ಬಾಯೊಳಗಿನ ಪೊರೆ ಒಂದೆರಡು ವಾರಕ್ಕೊಮ್ಮೆ ಹೊಸದಾಗಿ ಬೆಳೆಯುತ್ತಲೇ ಇರುತ್ತದೆ. ರೇಡಿಯೇಷನ್ ಆ ಹೊಸ ಬೆಳವಣಿಗೆಯನ್ನು ತಡೆಯುತ್ತದೆ. ಹಳೆ ಪೊರೆ ಸವೆದು ಹೋಗುವವರೆಗೆ ನೋವು ಕಾಣಿಸುವುದಿಲ್ಲ, ಅಷ್ಟೇ. ಹಾಗಾಗಿ ನೋವು ಬಂದಾಗ ಮುಕ್ಕಳಿಸುತ್ತೇನೆ ಎಂದುಕೊಂಡವರು ಎರಡು ವಾರ ಹಿಂದೆ ಬೀಳುತ್ತಾರೆ.

ನೀರು ತಯಾರಿಸುವುದು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ. ಚಮಚ ಮಟ್ಟವಾಗಿರಲಿ, ಗೋಪುರ ಮಾಡಬೇಡಿ. ದಿನಾ ಹೊಸದು ಮಾಡಿ, ಉಳಿದದ್ದು ಚೆಲ್ಲಿ.

ಮುಕ್ಕಳಿಸುವುದು. ಒಂದು ಗುಟುಕು ಬಾಯಿಗೆ ಹಾಕಿ, ಸುಮಾರು ಅರ್ಧ ನಿಮಿಷ ಕೆನ್ನೆಯಿಂದ ಕೆನ್ನೆಗೆ ನಿಧಾನವಾಗಿ ಆಡಿಸಿ ಉಗುಳಿ. ಇನ್ನೆರಡು ಸಲ ಹೀಗೇ ಮಾಡಿ. ಕೊನೆಗೆ ಬರಿ ನೀರಿನಲ್ಲಿ ಒಮ್ಮೆ. ನುಂಗಬೇಡಿ. ಎದ್ದ ಕೂಡಲೇ, ಪ್ರತಿ ಊಟದ ನಂತರ, ಮಲಗುವ ಮುಂಚೆ ತಪ್ಪಬಾರದು. ಬಾಯಿ ಕೆಂಪಾಗತೊಡಗಿದ ಮೇಲೆ ಎಚ್ಚರವಿರುವಷ್ಟು ಹೊತ್ತು ಎರಡೆರಡು ಗಂಟೆಗೊಮ್ಮೆ. ಫೋನಿನಲ್ಲಿ ಅಲಾರಂ ಇಟ್ಟುಬಿಡಿ. ನೋವಿನಲ್ಲಿರುವವರಿಗೆ ನೆನಪಿಟ್ಟುಕೊಳ್ಳುವ ಹೊರೆ ಬೇಡ.

ಹಲ್ಲುಜ್ಜುವುದು. ದಿನಕ್ಕೆ ಎರಡು ಸಲ ಕಡ್ಡಾಯ. ಬ್ರಷ್ಷನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಇನ್ನಷ್ಟು ಮೆತ್ತಗಾಗುತ್ತದೆ. ಪೇಸ್ಟ್ ಉರಿದರೆ ಕೆಲವು ದಿನ ಉಪ್ಪು-ಸೋಡಾ ನೀರಿನಲ್ಲೇ ಉಜ್ಜಿ.

ಫ್ಲೋರೈಡ್ ತಟ್ಟೆ. ಉಜ್ಜಿದ ಮೇಲೆ, ರಾತ್ರಿ ಮಲಗುವ ಮುಂಚೆ. ಡಾಕ್ಟರ್ ಬರೆದುಕೊಟ್ಟ ಜೆಲ್ ಅನ್ನು ತಟ್ಟೆಗೆ ತೆಳ್ಳಗೆ ಹಾಕಿ 5 ನಿಮಿಷ ಹಲ್ಲಿಗೆ ಹಿಡಿಸಿ, ತೆಗೆದು ಉಗುಳಿ. ಅರ್ಧ ಗಂಟೆ ಏನೂ ತಿನ್ನಬೇಡಿ, ಕುಡಿಯಬೇಡಿ, ಮುಕ್ಕಳಿಸಲೂಬೇಡಿ. ಹಾಗಾಗಿ ಸರದಿ ಹೀಗಿರಲಿ: ಮುಕ್ಕಳಿಸುವುದು, ಉಜ್ಜುವುದು, ಕೊನೆಗೆ ಫ್ಲೋರೈಡ್. ಕೊನೆಗೆ ಮುಕ್ಕಳಿಸಿದರೆ ಹಚ್ಚಿದ್ದೆಲ್ಲ ತೊಳೆದು ಹೋಗುತ್ತದೆ.

ಇಲ್ಲಿ ಮತ್ತೆ ಮತ್ತೆ ಆಗುವ ತಪ್ಪುಗಳನ್ನು ಹೇಳಲೇಬೇಕು. ಅಡುಗೆ ಸೋಡಾ ಬದಲು ಬೇಕಿಂಗ್ ಪೌಡರ್ ಹಾಕುವುದು. ಬಟ್ಟೆ ಒಗೆಯುವ ಸೋಡಾ ಹಾಕುವುದು, ಇದಂತೂ ಬಾಯಿಯನ್ನು ಸುಟ್ಟುಬಿಡುತ್ತದೆ. ಬೇಗ ವಾಸಿಯಾಗಲಿ ಎಂದು ಉಪ್ಪು ಜಾಸ್ತಿ ಮಾಡುವುದು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಳಸುವುದು. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಹಾಕುವುದು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೂಡ ರೇಡಿಯೇಷನ್ ಹುಣ್ಣನ್ನು ತಡೆಯುವುದಿಲ್ಲ. ವಸಡಿನ ತೊಂದರೆಗೆ ಹಲ್ಲಿನ ಡಾಕ್ಟರ್ ಅದನ್ನು ಬರೆದುಕೊಟ್ಟಿದ್ದರೆ ಮಾತು ಬೇರೆ.

ಇನ್ನೆರಡು ವಿಷಯ ಮೊದಲ ವಾರವೇ ಕೇಳಿ. ಬೆಂಜಿಡಮೈನ್ ಎಂಬ ಮೌತ್‌ವಾಶ್ ಮತ್ತು ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆ. ಹುಣ್ಣಿನ ತೀವ್ರತೆ ತಗ್ಗಿಸಲು ಇವೆರಡಕ್ಕೂ ಒಳ್ಳೆಯ ಆಧಾರವಿದೆ, ಆದರೆ ಮುಂಚೆಯೇ ಶುರು ಮಾಡಿದರೆ ಉಪಯೋಗ. ನಿಮಗೆ ಹೊಂದುತ್ತವೆಯೇ ಎಂಬುದು ಡಾಕ್ಟರ್ ತೀರ್ಮಾನ.

## ಹಂತ 4: ಎರಡು-ಮೂರನೇ ವಾರ, ಹುಣ್ಣು ಕಾಣಿಸಿದಾಗ

ದಿನಾ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ಟಾರ್ಚ್ ಹಾಕಿ ನೋಡಿ: ತುಟಿ, ತುಟಿಯ ಒಳಭಾಗ, ಎರಡೂ ಕೆನ್ನೆ, ನಾಲಿಗೆಯ ಅಂಚು, ನಾಲಿಗೆಯ ಅಡಿ, ಅಂಗುಳ, ಗಂಟಲು. ಮೊದಲು ಕೆಂಪಾಗುತ್ತದೆ. ಆಮೇಲೆ ಬಿಳಿ-ಹಳದಿ ಪೊರೆ ಕೂತ ಹುಣ್ಣುಗಳು. ಆ ಪೊರೆಯನ್ನು ಬಟ್ಟೆಯಿಂದಲೋ ಉಗುರಿನಿಂದಲೋ ಕೆರೆದು ತೆಗೆಯಬೇಡಿ, ಕೆಳಗೆ ಹಸಿ ಗಾಯವಿದೆ.

ಡಾಕ್ಟರ್ ಬಳಿ "ತುಂಬ ನೋವು" ಎನ್ನುವುದಕ್ಕಿಂತ ಏನು ತಿನ್ನಲು ಆಗುತ್ತಿದೆ ಎಂದು ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇರುವುದೂ ಹೀಗೇ. ಕೆಂಪು, ಉರಿ ಮಾತ್ರ ಇದ್ದರೆ 1. ಹುಣ್ಣಿದೆ, ಆದರೆ ಗಟ್ಟಿ ಆಹಾರ ಹೋಗುತ್ತಿದೆ ಎಂದರೆ 2. ದ್ರವ ಮಾತ್ರ ಹೋಗುತ್ತಿದೆ ಎಂದರೆ 3. ಬಾಯಿಯಿಂದ ಏನೂ ತೆಗೆದುಕೊಳ್ಳಲು ಆಗದಿದ್ದರೆ 4. "ನಿನ್ನೆಯಿಂದ ದ್ರವ ಮಾತ್ರ" ಎಂಬ ಒಂದು ಮಾತಿಗೆ ಔಷಧಿಯೇ ಬದಲಾಗಬಹುದು.

ನೋವಿನ ಔಷಧಿಯದ್ದು ದೊಡ್ಡ ವಿಷಯ. ತಡೆಯುವಷ್ಟು ತಡೆದು, ಆಗದಿದ್ದಾಗ ಮಾತ್ರೆ ನುಂಗುವವರು ಊಟವನ್ನೇ ಕಳೆದುಕೊಳ್ಳುತ್ತಾರೆ. ಡಾಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಊಟದ ಹೊತ್ತಿಗೆ ಅದರ ಪ್ರಭಾವ ಇರುವಂತೆ ವೇಳೆ ಹೊಂದಿಸಿಕೊಡಿ ಎಂದು ಕೇಳಿ. ಮಾರ್ಫಿನ್ ಬರೆದುಕೊಟ್ಟರೆ ಹೆದರಬೇಡಿ. ಈ ನೋವಿಗೆ ಅದು ಸಲ್ಲುವ ಔಷಧಿ. ಮಲಬದ್ಧತೆ ಆಗುವುದು ಹೆಚ್ಚೂಕಡಿಮೆ ಖಚಿತ, ಅದಕ್ಕೂ ಅದೇ ದಿನ ಔಷಧಿ ಕೇಳಿ ತನ್ನಿ.

ಮರಗಟ್ಟಿಸುವ ಜೆಲ್ ಅಥವಾ ದ್ರವ ಕೊಟ್ಟಿದ್ದರೆ ಒಂದು ಎಚ್ಚರಿಕೆ. ಗಂಟಲು ಮರಗಟ್ಟಿರುವಾಗ ತಿಂದರೆ ಆಹಾರ ಶ್ವಾಸನಾಳಕ್ಕೆ ಹೋಗಬಹುದು. ಬಿಸಿ ತಗುಲಿದ್ದೂ ಗೊತ್ತಾಗುವುದಿಲ್ಲ. ಬಳಸಿ ಎಷ್ಟು ಹೊತ್ತು ಬಿಟ್ಟು ತಿನ್ನಬೇಕು ಎಂದು ಕೇಳಿ ಬಾಟಲಿಯ ಮೇಲೆಯೇ ಬರೆದಿಡಿ. ಆಸ್ಪಿರಿನ್ ಮಾತ್ರೆಯನ್ನು ಹುಣ್ಣಿನ ಮೇಲೆ ಇಟ್ಟುಕೊಳ್ಳುವುದು ಹಳೆ ಅಭ್ಯಾಸ, ಅದು ಪೊರೆಯನ್ನು ಸುಡುತ್ತದೆ. ಇನ್ನೊಂದು: ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚಿಡುತ್ತದೆ. ನುಂಗುವ ಮುಂಚೆ ಜ್ವರ ನೋಡಿ ಬರೆದುಕೊಳ್ಳಿ.

ನೋವು ಎಂದು ಸಿಟ್ಟಿಂಗ್ ತಪ್ಪಿಸಬೇಡಿ. ಮಧ್ಯೆ ಬಿಡುವು ಕೊಟ್ಟರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯಲು ಸಮಯ ಸಿಗುತ್ತದೆ. ಬಿಡುವು ಬೇಕೇ ಎಂದು ಹೇಳಬೇಕಾದವರು ರೇಡಿಯೇಷನ್ ಡಾಕ್ಟರ್ ಒಬ್ಬರೇ. ಬಾಯಿಯ ಆರೈಕೆ ಇಷ್ಟು ಮುಖ್ಯ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಬಾಯಿ ತಡೆದುಕೊಂಡರೆ ಚಿಕಿತ್ಸೆ ಪೂರ್ತಿ ಆಗುತ್ತದೆ.

## ಹಂತ 5: ಊಟ ಮತ್ತು ನುಂಗುವುದು

ವಾರಕ್ಕೆ ಎರಡು ಸಲ, ಒಂದೇ ಹೊತ್ತಿಗೆ, ಅದೇ ಯಂತ್ರದಲ್ಲಿ ತೂಕ ನೋಡಿ. ಒಂದು ತಿಂಗಳಲ್ಲಿ 5 ಪರ್ಸೆಂಟ್ ಇಳಿದರೆ, ಅಂದರೆ 60 ಕೆಜಿ ಇದ್ದವರು 57ಕ್ಕೆ ಬಂದರೆ, ಅದು ಜಾಸ್ತಿಯೇ. ಅಷ್ಟಾಗುವವರೆಗೆ ಕಾಯದೆ ಆಹಾರ ತಜ್ಞರನ್ನು ಕಾಣಿ.

ಮೂರು ದೊಡ್ಡ ಊಟದ ಬದಲು ಆರೇಳು ಸಣ್ಣ ಊಟ. ಮೆತ್ತಗೆ, ಉಗುರು ಬೆಚ್ಚಗೆ ಅಥವಾ ತಣ್ಣಗೆ ಇರಲಿ. ಹುಳಿ, ಖಾರ, ಗರಿಗರಿ, ಸುಡುವ ಬಿಸಿ ದೂರವಿಡಿ. ಹಾಲು, ಮೊಸರು, ಮೊಟ್ಟೆ, ಚೆನ್ನಾಗಿ ಬೇಯಿಸಿ ಅರೆದ ಬೇಳೆ ಇಂಥ ಪ್ರೋಟೀನ್ ಇರುವುದಕ್ಕೆ ಮೊದಲ ಜಾಗ. ತೆಳ್ಳಗಿನ ಸಾರಿನಂಥ ನೀರಿನಿಂದಲೇ ಹೊಟ್ಟೆ ತುಂಬಿಸಿದರೆ ಹೊಟ್ಟೆಗೆ ಸಮಾಧಾನ, ಆದರೆ ತೂಕ ಇಳಿಯುತ್ತಲೇ ಹೋಗುತ್ತದೆ.

ರುಚಿ ಕೂಡ ಈ ಹೊತ್ತಿಗೇ ಕೈಕೊಡುತ್ತದೆ. ಎಲ್ಲವೂ ಸಪ್ಪೆ, ಇಲ್ಲವೇ ಕಹಿ, ಇಲ್ಲವೇ ಲೋಹದ ಹಾಗೆ. ಅಡುಗೆ ಮಾಡಿದವರ ತಪ್ಪಲ್ಲ, ತಿನ್ನದವರ ಹಟವೂ ಅಲ್ಲ. ಈ ಒಂದು ವಿಷಯಕ್ಕೆ ಮನೆಗಳಲ್ಲಿ ಎಷ್ಟು ಮನಸ್ತಾಪ ಆಗುತ್ತದೆ ಎಂದು ನೋಡಿದ್ದೇನೆ. ಹೆಚ್ಚಿನವರಿಗೆ ಮುಗಿದ ಕೆಲವು ತಿಂಗಳಲ್ಲಿ ರುಚಿ ಮರಳತೊಡಗುತ್ತದೆ, ಪೂರ್ತಿ ಮರಳಲು ಒಂದು ವರ್ಷವೂ ಬೇಕಾಗಬಹುದು. ಅಲ್ಲಿಯವರೆಗೆ ರುಚಿಗಾಗಿ ಸಕ್ಕರೆ ಸುರಿಯುವುದು ಬೇಡ, ಹಲ್ಲಿಗೆ ಅದೇ ಶತ್ರು.

ಮೂಗಿನ ನಳಿಕೆ ಅಥವಾ ಹೊಟ್ಟೆಗೆ ನೇರ ನಳಿಕೆ ಹಾಕಬೇಕು ಎಂದು ಡಾಕ್ಟರ್ ಹೇಳಿದರೆ ಒಪ್ಪಿಕೊಳ್ಳಿ. ಆದರೆ ನಳಿಕೆ ಬಂತೆಂದು ನುಂಗುವುದನ್ನು ಪೂರ್ತಿ ಬಿಡಬೇಡಿ. ಬಳಸದ ಗಂಟಲಿನ ಸ್ನಾಯುಗಳು ಸೋಲುತ್ತವೆ. ಡಾಕ್ಟರ್ ಬೇಡ ಎಂದಿಲ್ಲದಿದ್ದರೆ ದಿನಕ್ಕೆ ಹಲವು ಸಲ ಗುಟುಕು ನೀರಾದರೂ ನುಂಗಿ. ನುಂಗುವ ವ್ಯಾಯಾಮ ಕಲಿಸುವವರು ಸ್ಪೀಚ್ ಥೆರಪಿಸ್ಟ್. ಚಿಕಿತ್ಸೆ ಶುರುವಾಗುವ ಮುಂಚೆಯೇ ಅವರನ್ನು ಒಮ್ಮೆ ಕಾಣಿ.

## ಹಂತ 6: ಫಂಗಸ್ ಬಂದಿದೆಯೇ ನೋಡಿ

ಇದ್ದಕ್ಕಿದ್ದಂತೆ ಉರಿ ಜಾಸ್ತಿಯಾದರೆ ಹುಣ್ಣೇ ಜಾಸ್ತಿಯಾಯಿತು ಎಂದು ತಿಳಿಯಬೇಡಿ. ಜೊಲ್ಲು ಕಡಿಮೆಯಾದ ಬಾಯಿಯಲ್ಲಿ ಫಂಗಸ್ ಸುಲಭವಾಗಿ ಬೆಳೆಯುತ್ತದೆ. ಕೆನ್ನೆ, ನಾಲಿಗೆ, ಅಂಗುಳದ ಮೇಲೆ ಒಡೆದ ಹಾಲಿನಂಥ ಬಿಳಿ ಕಲೆಗಳು, ತುಟಿಯ ಮೂಲೆ ಸೀಳುವುದು, ಇವು ಸುಳಿವು. ಕೆಲವೊಮ್ಮೆ ಬಿಳಿ ಇಲ್ಲದೆ ಬರಿ ಕೆಂಪಾಗಿ ಉರಿಯುವುದೂ ಉಂಟು. ಇದಕ್ಕೆ ಬೇರೆಯೇ ಔಷಧಿ ಇದೆ, ಬೇಗ ಗುಣವಾಗುತ್ತದೆ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಡಾಕ್ಟರಿಗೆ ಹೇಳಿ. ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ, ಏಕೆಂದರೆ ಫಂಗಸ್ ಮಾತ್ರೆ ಅದರ ಜೊತೆ ಸರಿಹೋಗದೆ ಇರಬಹುದು. ಹಲ್ಲಿನ ಸೆಟ್ ಇದ್ದರೆ ಅದನ್ನೂ ದಿನಾ ತೊಳೆದು ನೆನೆಹಾಕಿ, ರಾತ್ರಿ ತೆಗೆದಿಡಿ. ಬಾಯಿ ಹುಣ್ಣಾಗಿರುವಷ್ಟು ದಿನ ಹಾಕದಿರುವುದೇ ಒಳ್ಳೆಯದು.

## ಹಂತ 7: ಒಣಗುವ ಬಾಯಿ

ಜೊಲ್ಲು ಮೊದಲ ವಾರದಿಂದಲೇ ಕಡಿಮೆಯಾಗುತ್ತಾ, ದಪ್ಪಗೆ ಅಂಟಂಟಾಗುತ್ತದೆ. ಹುಣ್ಣು ಮಾಯುತ್ತದೆ, ಆದರೆ ಒಣಗುವುದು ಎಷ್ಟೋ ಜನರಿಗೆ ಕಾಯಂ ಉಳಿಯುತ್ತದೆ. ಕೆನ್ನೆಯ ಹಿಂದಿನ ಜೊಲ್ಲು ಗ್ರಂಥಿಗೆ ಬಿದ್ದ ಡೋಸ್ ಸರಾಸರಿ 25 ಗ್ರೇ ಒಳಗಿದ್ದರೆ ಚೇತರಿಕೆಯ ಆಸೆ ಹೆಚ್ಚು. ಹಾಗಾಗಿ "ಗ್ರಂಥಿ ಉಳಿಸುವಂತೆ ಪ್ಲಾನ್ ಮಾಡಲು ಆಗುತ್ತದೆಯೇ?" ಎಂಬ ಪ್ರಶ್ನೆಯನ್ನು ಕೇಳಬೇಕಾದದ್ದು ಚಿಕಿತ್ಸೆಯ ಮೊದಲು.

ನೀರಿನ ಬಾಟಲ್ ಸದಾ ಜೊತೆಗಿರಲಿ, ಗುಟುಕು ಗುಟುಕಾಗಿ ಕುಡಿಯಿರಿ. ಜೊಲ್ಲಿನ ಬದಲಿಗೆ ಬರುವ ಜೆಲ್ ಮತ್ತು ಸ್ಪ್ರೇ ಮಲಗುವ ಮುಂಚೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಹುಣ್ಣು ಮಾಯ್ದ ಮೇಲೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಒಳ್ಳೆಯದು. ಪೈಲೋಕಾರ್ಪಿನ್ ಎಂಬ ಮಾತ್ರೆ ಕೆಲವರಿಗೆ ಜೊಲ್ಲು ತರಿಸುತ್ತದೆ. ಆಸ್ತಮಾ ಅಥವಾ ಕಣ್ಣಿನ ಗ್ಲಾಕೋಮಾ ಇದ್ದರೆ ಮೊದಲೇ ಹೇಳಿ.

ಬಾಯಿ ಒಣಗುತ್ತದೆ ಎಂದು ನಮ್ಮಪ್ಪ ದಿನವಿಡೀ ಸಿಹಿ ಪೆಪ್ಪರ್‌ಮಿಂಟ್ ಚೀಪುತ್ತಿದ್ದರು. ಪಾಪ, ಹಿತವಾಗುತ್ತದಲ್ಲ ಎಂದು ನಾನೂ ಸುಮ್ನೆ ಇದ್ದೆ. ಕೆಲವೇ ತಿಂಗಳಲ್ಲಿ ವಸಡಿನ ಅಂಚಿನ ಸುತ್ತ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗತೊಡಗಿದವು. ರೇಡಿಯೇಷನ್ ನಂತರದ ಹುಳುಕು ಹೀಗೇ, ಬುಡದಿಂದ, ನೋವಿಲ್ಲದೆ, ವೇಗವಾಗಿ ಬರುತ್ತದೆ. ಸಿಹಿ ಪಾನೀಯ, ನಿಂಬೆ ಹನಿ, ಸಕ್ಕರೆ ಇರುವ ಸಿರಪ್ ಕೂಡ ಇದೇ ಸಾಲಿಗೆ. ಸಿಹಿ ಔಷಧಿ ತೆಗೆದುಕೊಳ್ಳಲೇಬೇಕಾದರೆ ಕೂಡಲೇ ಮುಕ್ಕಳಿಸಿ.

## ಹಂತ 8: ದವಡೆ ಬಿಗಿಯದಂತೆ ವ್ಯಾಯಾಮ

ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಲು ಆಗುತ್ತದೆಯೇ ನೋಡಿ. ವಾರಕ್ಕೊಮ್ಮೆ ಸ್ಕೇಲ್‌ನಲ್ಲೂ ಅಳೆಯಿರಿ. 35 ಮಿಲಿಮೀಟರ್‌ಗಿಂತ ಕಡಿಮೆಯಾದರೆ ದವಡೆ ಬಿಗಿಯುತ್ತಿದೆ ಎಂದು ಲೆಕ್ಕ. ರೇಡಿಯೇಷನ್ ಮುಗಿದು ಕೆಲವು ತಿಂಗಳ ನಂತರವೂ ಇದು ಶುರುವಾಗಬಹುದು. ಒಮ್ಮೆ ಗಟ್ಟಿಯಾದ ಸ್ನಾಯುವನ್ನು ಸಡಿಲಿಸುವುದು ಬಹಳ ಕಷ್ಟ.

ಮೊದಲ ದಿನದಿಂದ, ದಿನಕ್ಕೆ ಮೂರು ಸಲ: ನೋಯದೆ ಬಿಗಿಯುವಷ್ಟು ಬಾಯಿ ತೆರೆದು ಕೆಲವು ಸೆಕೆಂಡ್ ಹಿಡಿಯಿರಿ, ಬಿಡಿ. ದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸಿ. ಪ್ರತಿಯೊಂದೂ ಐದಾರು ಸಲ. ಅಳತೆ ಇಳಿಯುತ್ತಿದ್ದರೆ ಥೆರಪಿಸ್ಟ್ ಮರದ ಚಪ್ಪಟೆ ಕಡ್ಡಿಗಳನ್ನು ಒಟ್ಟುಗೂಡಿಸಿ ಹಲ್ಲುಗಳ ನಡುವೆ ಇಡಿಸಿ, ದಿನ ಕಳೆದಂತೆ ಒಂದೊಂದು ಕಡ್ಡಿ ಹೆಚ್ಚಿಸುತ್ತಾರೆ. ಅಲುಗಾಡುವ ಹಲ್ಲು ಇದ್ದವರು ಇದನ್ನು ತಾವಾಗಿಯೇ ಮಾಡಬೇಡಿ.

## ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು

- ಉಸಿರಾಡುವಾಗ ಸೀಟಿಯಂಥ ಸದ್ದು, ಉಸಿರು ಕಟ್ಟಿದಂತೆ ಅನ್ನಿಸುವುದು. ಇದಕ್ಕೆ ಒಂದು ನಿಮಿಷವೂ ಕಾಯುವಂತಿಲ್ಲ.
- ಜ್ವರ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು, ಅಥವಾ ಚಳಿ ಬಂದು ನಡುಗುವುದು. ಜೊತೆಗೆ ಕೀಮೋ ನಡೆಯುತ್ತಿದ್ದರೆ ರಾತ್ರಿಯಾದರೂ ಹೊರಡಿ.
- ಒತ್ತಿ ಹಿಡಿದರೂ ನಿಲ್ಲದ ರಕ್ತ.
- ನೀರು ಅಥವಾ ಔಷಧಿ ನುಂಗಲು ಆಗದಿರುವುದು. ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗುವುದು, ಎದ್ದರೆ ತಲೆ ಸುತ್ತುವುದು.
- ಕುಡಿದಾಗಲೆಲ್ಲ ಕೆಮ್ಮು, ಆಮೇಲೆ ಜ್ವರ ಅಥವಾ ಕಫ. ಆಹಾರ ಶ್ವಾಸಕೋಶಕ್ಕೆ ಹೋಗುತ್ತಿರಬಹುದು.

## ಹಂತ 9: ಕೊನೆಯ ಸಿಟ್ಟಿಂಗ್ ಮುಗಿದ ಮೇಲೆ

ಮುಗಿದ ಮರುದಿನದಿಂದ ಬಾಯಿ ಸುಧಾರಿಸುತ್ತದೆ ಎಂದು ಕಾಯುವವರು ಹೆದರಿಬಿಡುತ್ತಾರೆ. ಮೊದಲ ಒಂದೆರಡು ವಾರ ಹುಣ್ಣು ಹಾಗೇ ಇರಬಹುದು, ಸ್ವಲ್ಪ ಜಾಸ್ತಿಯೂ ಆಗಬಹುದು. ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ಮಾಯತೊಡಗುತ್ತದೆ, ಕೀಮೋ ಜೊತೆಗಿದ್ದವರಿಗೆ ಇನ್ನೂ ತಡ. ಮುಕ್ಕಳಿಸುವುದನ್ನು ಅಲ್ಲಿಯವರೆಗೆ ನಿಲ್ಲಿಸಬೇಡಿ. ಎರಡು ತಿಂಗಳಾದರೂ ಮಾಯದ ಹುಣ್ಣು, ಅಥವಾ ಮಾಯ್ದ ಜಾಗದಲ್ಲಿ ಹೊಸದಾಗಿ ಎದ್ದ ಗಂಟು ಅಥವಾ ಗಟ್ಟಿ ಜಾಗ ಇದ್ದರೆ ಮುಂದಿನ ತಪಾಸಣೆಗೆ ಕಾಯದೆ ತೋರಿಸಿ.

ಫ್ಲೋರೈಡ್ ತಟ್ಟೆ ಹಲ್ಲಿರುವವರೆಗೂ ಬೇಕು. ಹಲ್ಲಿನ ಡಾಕ್ಟರ್ ಭೇಟಿ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಇರಲಿ. ಹೊಸ ಹಲ್ಲಿನ ಸೆಟ್‌ಗೆ ಅವಸರ ಬೇಡ, ಯಾವಾಗ ಎಂದು ಇಬ್ಬರೂ ಡಾಕ್ಟರ್ ಸೇರಿ ಹೇಳಲಿ.

ಇನ್ನು ಹಲ್ಲು ಕೀಳಿಸುವ ಮಾತು. ಐದು ವರ್ಷ, ಹತ್ತು ವರ್ಷ ಕಳೆದ ಮೇಲೆ ಹಲ್ಲು ನೋವು ಬರುತ್ತದೆ. ಹತ್ತಿರದ ಕ್ಲಿನಿಕ್‌ಗೆ ಹೋಗುತ್ತಾರೆ, ಹಳೆಯದನ್ನು ಹೇಳಲು ಮರೆಯುತ್ತಾರೆ, ಹಲ್ಲು ಕೀಳಿಸುತ್ತಾರೆ, ಗಾಯ ಮಾಯುವುದೇ ಇಲ್ಲ. ಕೀಳುವ ಬದಲು ರೂಟ್ ಕೆನಾಲ್ ಮಾಡಿ ಬೇರು ಉಳಿಸಲು ಸಾಧ್ಯವೇ ಎಂದು ಮೊದಲು ಕೇಳಿ. ಕೀಳಲೇಬೇಕಾದರೆ ರೇಡಿಯೇಷನ್ ಆದ ದವಡೆಯ ಅನುಭವ ಇರುವವರೇ ಕೀಳಲಿ. ವಸಡು ಬಿಟ್ಟು ಮೂಳೆ ಕಾಣುವುದು, ದವಡೆಯಲ್ಲಿ ಮರಗಟ್ಟಿದಂತೆ ಆಗುವುದು, ಬಾಯಿಂದ ಕೀವು ಅಥವಾ ದುರ್ವಾಸನೆ, ಇವುಗಳಲ್ಲಿ ಒಂದು ಕಂಡರೂ ಆ ವಾರವೇ ತೋರಿಸಿ.

ಆಸ್ಪತ್ರೆಯಿಂದ ಹೊರಡುವ ದಿನ ರೇಡಿಯೇಷನ್ ಸಾರಾಂಶದ ಕಾಗದ ಕೇಳಿ ಪಡೆಯಿರಿ. ಯಾವ ಜಾಗಕ್ಕೆ, ಒಟ್ಟು ಎಷ್ಟು ಗ್ರೇ, ಎಷ್ಟು ಸಿಟ್ಟಿಂಗ್, ಯಾವ ತಿಂಗಳಲ್ಲಿ ಮುಗಿಯಿತು ಎಂಬುದು ಅದರಲ್ಲಿರಬೇಕು. ಮೂರು ಪ್ರತಿ ಮಾಡಿಸಿ: ಒಂದು ಮನೆಯ ಫೈಲಿಗೆ, ಒಂದು ಹಲ್ಲಿನ ಡಾಕ್ಟರಿಗೆ, ಇನ್ನೊಂದನ್ನು ಫೋಟೋ ತೆಗೆದು ಫೋನಿನಲ್ಲೂ ಇಟ್ಟು, ಮಡಚಿ ಪರ್ಸಿನೊಳಗೆ.